ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಇಳಿದಿರುತ್ತದೆ: ಹೈಪೋಥಲಮಸ್ ಮತ್ತು ಪಿಟ್ಯುಟರಿ ನಡೆಸುವ ಹಾರ್ಮೋನ್ ಆಡಳಿತ

ರಕ್ತ ಪರೀಕ್ಷೆಯ ವರದಿಯಲ್ಲಿ ಟಿಎಸ್‌ಎಚ್ ಎದುರು 12 ಎಂದು ಬಂದಿರುತ್ತದೆ, ಪಕ್ಕದಲ್ಲೊಂದು ಮೇಲ್ಮುಖ ಬಾಣ. ಬಹಳ ಜನ ಅದನ್ನು ‘ಥೈರಾಯ್ಡ್ ಜಾಸ್ತಿಯಾಗಿದೆ’ ಎಂದು ಓದಿಕೊಳ್ಳುತ್ತಾರೆ. ಸಾಮಾನ್ಯವಾಗಿ ಆಗಿರುವುದು ಅದಕ್ಕೆ ತದ್ವಿರುದ್ಧ. ಟಿಎಸ್‌ಎಚ್ ಅನ್ನು ಥೈರಾಯ್ಡ್ ಗ್ರಂಥಿ ತಯಾರಿಸುವುದೇ ಇಲ್ಲ. ಅದು ಹೊರಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಕತ್ತಿನಲ್ಲಿರುವ ಥೈರಾಯ್ಡಿಗೆ ‘ಇನ್ನಷ್ಟು ಹಾರ್ಮೋನ್ ಮಾಡು’ ಎಂದು ಹೇಳುವುದು ಅದರ ಕೆಲಸ. ಥೈರಾಯ್ಡ್ ಸೋಲುತ್ತಿದ್ದಾಗ ಆ ಒತ್ತಾಯ ಜೋರಾಗುತ್ತದೆ, ಟಿಎಸ್‌ಎಚ್ ಏರುತ್ತದೆ.

ಈ ಒಂದು ಗೊಂದಲ ಬಿಡಿಸಿಕೊಂಡರೆ ಹಾರ್ಮೋನ್ ವ್ಯವಸ್ಥೆಯ ಅರ್ಧ ಭಾಗ ಅರ್ಥವಾದಂತೆ. ದೇಹದ ಮುಖ್ಯ ಹಾರ್ಮೋನುಗಳಲ್ಲಿ ಹಲವು ಒಂಟಿಯಾಗಿ ಇರುವುದಿಲ್ಲ. ಮೇಲಿನಿಂದ ಕೇಳುವ ಹಾರ್ಮೋನ್ ಒಂದು, ಕೆಳಗೆ ಕೆಲಸ ಮಾಡುವ ಹಾರ್ಮೋನ್ ಇನ್ನೊಂದು. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಯಾವುದೇ ಅಂಕಿಗೆ ‘ಹೆಚ್ಚು’, ‘ಕಡಿಮೆ’ ಎಂಬ ಹಣೆಪಟ್ಟಿ ಹಚ್ಚಿದರೆ ತಪ್ಪು ದಾರಿಗೆ ಹೋಗುತ್ತೇವೆ.

ಪಿಟ್ಯುಟರಿ ಬಟಾಣಿ ಕಾಳಿನಷ್ಟು ಗಾತ್ರದ್ದು, ತೂಕ ಸುಮಾರು ಅರ್ಧ ಗ್ರಾಂ. ಮೂಗಿನ ಬುಡದ ಹಿಂದೆ, ತಲೆಬುರುಡೆಯ ತಳದಲ್ಲಿ ಮೂಳೆಯದೇ ಒಂದು ಚಿಕ್ಕ ಗುಂಡಿ ಇದೆ, ಅದರೊಳಗೆ ಕೂತಿರುತ್ತದೆ. ಅದರ ನೇರ ಮೇಲೆ ಎರಡೂ ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗ. ಇನ್ನೂ ಮೇಲೆ, ಮಿದುಳಿನ ಭಾಗವೇ ಆದ ಹೈಪೋಥಲಮಸ್. ಇದರ ತೂಕವೂ ಕೆಲವೇ ಗ್ರಾಂ. ಎರಡನ್ನೂ ಜೋಡಿಸುವುದು ಒಂದು ತೆಳ್ಳನೆಯ ಕಾಂಡ. ಇಡೀ ದೇಹದ ಬೆಳವಣಿಗೆ, ಮುಟ್ಟು, ಗರ್ಭ, ಎದೆಹಾಲು, ನೀರಿನ ಸಮತೋಲ, ಒತ್ತಡ ತಾಳುವ ಶಕ್ತಿ, ಇಷ್ಟೆಲ್ಲ ಹಾದುಹೋಗುವುದು ಆ ಕಾಂಡದ ಮೂಲಕವೇ.

ಪಿಟ್ಯುಟರಿ ನೋಡಲು ಒಂದೇ ಗ್ರಂಥಿ. ಹುಟ್ಟಿನಿಂದ ಅದು ಎರಡು. ಭ್ರೂಣದ ಬಾಯಿಯ ಮೇಲ್ಛಾವಣಿಯಿಂದ ಒಂದು ಚೀಲ ಮೇಲಕ್ಕೆ ಚಾಚಿಕೊಂಡು ಮುಂಭಾಗವಾಗುತ್ತದೆ; ಮಿದುಳಿನಿಂದ ಒಂದು ಎಳೆ ಕೆಳಕ್ಕೆ ಇಳಿದು ಹಿಂಭಾಗವಾಗುತ್ತದೆ. ಎರಡೂ ಅಂಟಿಕೊಂಡು ಕೂತರೂ ಹೈಪೋಥಲಮಸ್ ಜೊತೆ ಅವುಗಳ ಸಂಬಂಧ ಬೇರೆ ಬೇರೆ. ಹಿಂಭಾಗಕ್ಕೆ ನರಗಳೇ ಇಳಿದು ಬರುತ್ತವೆ. ಮುಂಭಾಗಕ್ಕೆ ಹಾಗೆ ಬರುವ ನರದ ಸಂಪರ್ಕವೇ ಇಲ್ಲ. ಹಾಗಿದ್ದರೆ ಮಿದುಳು ಅದರ ಜೊತೆ ಮಾತಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ದಶಕಗಳೇ ಹಿಡಿದವು, ಮತ್ತು ಆ ಹುಡುಕಾಟದ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ರಕ್ತ ಯಾವ ಕಡೆಗೆ ಹರಿಯುತ್ತದೆ?

1930ರಲ್ಲಿ ಗ್ರಿಗೊರೆ ಪೋಪಾ ಮತ್ತು ಊನಾ ಫೀಲ್ಡಿಂಗ್ ಆ ಕಾಂಡದ ಉದ್ದಕ್ಕೂ ಹಬ್ಬಿದ ಸೂಕ್ಷ್ಮ ರಕ್ತನಾಳಗಳ ಜಾಲವನ್ನು ವಿವರಿಸಿದರು. ಹೈಪೋಥಲಮಸ್ಸಿನ ತಳದಲ್ಲಿ ಒಂದು ಲೋಮನಾಳಗಳ ಗೊಂಚಲು, ಪಿಟ್ಯುಟರಿಯಲ್ಲಿ ಇನ್ನೊಂದು, ನಡುವೆ ಅವನ್ನು ಜೋಡಿಸುವ ಅಭಿಧಮನಿಗಳು. ರಚನೆ ಸರಿಯಾಗಿಯೇ ಕಂಡಿತ್ತು. ಆದರೆ ರಕ್ತ ಪಿಟ್ಯುಟರಿಯಿಂದ ಮೇಲಕ್ಕೆ, ಮಿದುಳಿನ ಕಡೆಗೆ ಹರಿಯುತ್ತದೆ ಎಂದು ಅವರು ಭಾವಿಸಿದರು. ಸತ್ತ ಅಂಗಾಂಶದಲ್ಲಿ ಹರಿವಿನ ದಿಕ್ಕು ಕಾಣುವುದಿಲ್ಲವಲ್ಲ. ಮುಂದೆ ಜಾನ್ ಗ್ರೀನ್ ಮತ್ತು ಜೆಫ್ರಿ ಹ್ಯಾರಿಸ್ ಬದುಕಿರುವ ಇಲಿಯಲ್ಲೇ ಈ ನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರಕ್ತ ಕೆಳಕ್ಕೇ ಹರಿಯುತ್ತದೆ ಎಂದು ಖಚಿತಪಡಿಸಿದರು.

ಹ್ಯಾರಿಸ್ ಅಲ್ಲಿಗೆ ನಿಲ್ಲಲಿಲ್ಲ. 1952ರಲ್ಲಿ ಡೋರಾ ಜಾಕಬ್‌ಸನ್ ಜೊತೆ ಅವರು ಮಾಡಿದ ಪ್ರಯೋಗ ನನಗೆ ಈ ವಿಜ್ಞಾನದ ಅತ್ಯಂತ ಸುಂದರ ಪ್ರಯೋಗಗಳಲ್ಲೊಂದು. ಹೆಣ್ಣು ಇಲಿಗಳ ಪಿಟ್ಯುಟರಿ ತೆಗೆದು, ಬದಲಿಗೆ ಬೇರೆ ಪಿಟ್ಯುಟರಿ ಅಂಗಾಂಶವನ್ನು ನೆಟ್ಟರು. ಕೆಲವು ಇಲಿಗಳಲ್ಲಿ ಅದನ್ನು ಹೈಪೋಥಲಮಸ್ಸಿನ ಅಡಿಯಲ್ಲಿ ಇಟ್ಟರು, ಕೆಲವುಗಳಲ್ಲಿ ಸ್ವಲ್ಪ ಆಚೆ, ಮಿದುಳಿನ ಬದಿಯ ಹಾಲೆಯ ಕೆಳಗೆ. ಎರಡೂ ಕಡೆ ಅಂಗಾಂಶ ಬದುಕಿತು, ರಕ್ತವೂ ಸಿಕ್ಕಿತು. ಆದರೆ ಹೈಪೋಥಲಮಸ್ಸಿನಿಂದ ಇಳಿಯುವ ನಾಳಗಳು ತಲುಪಿದ ಇಲಿಗಳು ಮಾತ್ರ ಮತ್ತೆ ಬೆದೆಗೆ ಬಂದವು, ಗರ್ಭ ಧರಿಸಿದವು. ಉಳಿದವುಗಳಲ್ಲಿ ಗ್ರಂಥಿ ಇದ್ದೂ ಸುಮ್ಮನಿತ್ತು. ಅಂದರೆ ಆ ರಕ್ತದಲ್ಲಿ ಏನೋ ರಾಸಾಯನಿಕ ಸಂದೇಶ ಇಳಿದು ಬರುತ್ತಿರಲೇಬೇಕು.

ಆ ಸಂದೇಶವನ್ನು ಕೈಗೆ ಹಿಡಿಯಲು ರೋಜರ್ ಗಿಯೆಮಾ ಮತ್ತು ಆಂಡ್ರ್ಯೂ ಶ್ಯಾಲಿ ಎಂಬ ಇಬ್ಬರು, ಮೊದಲು ಒಟ್ಟಿಗೆ ದುಡಿದು ಆಮೇಲೆ ಬದ್ಧ ಪ್ರತಿಸ್ಪರ್ಧಿಗಳಾಗಿ, ವರ್ಷಗಟ್ಟಲೆ ಶ್ರಮಿಸಿದರು. ಗಿಯೆಮಾ ಬಳಸಿದ್ದು ಕುರಿಗಳ ಹೈಪೋಥಲಮಸ್, ಶ್ಯಾಲಿ ಬಳಸಿದ್ದು ಹಂದಿಗಳದ್ದು. ಲಕ್ಷಗಟ್ಟಲೆ ಪ್ರಾಣಿಗಳ ಅಂಗಾಂಶ ಅರೆದು ಸೋಸಿದರೂ ಕೊನೆಗೆ ಸಿಗುತ್ತಿದ್ದುದು ಮಿಲಿಗ್ರಾಂ ಲೆಕ್ಕದ ಪುಡಿ. 1969ರಲ್ಲಿ ಇಬ್ಬರ ತಂಡಗಳೂ ಮೊದಲ ಸಂದೇಶದ ರಚನೆ ಬಿಡಿಸಿದವು. ಅದೇ ಟಿಆರ್‌ಎಚ್, ಮೂರೇ ಮೂರು ಅಮೈನೋ ಆಮ್ಲಗಳ ತುಣುಕು. 1977ರ ನೊಬೆಲ್‌ನ ಅರ್ಧ ಭಾಗ ಇವರಿಬ್ಬರಿಗೆ ಬಂತು. ಉಳಿದರ್ಧ ರೋಸಲಿನ್ ಯಾಲೋ ಅವರಿಗೆ, ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹಾರ್ಮೋನನ್ನೂ ಅಳೆಯುವ ವಿಧಾನ ಕಂಡುಹಿಡಿದದ್ದಕ್ಕೆ. ಇಂದು ನಾವು ಸಲೀಸಾಗಿ ಮಾಡಿಸುವ ಹಾರ್ಮೋನ್ ಪರೀಕ್ಷೆಗಳೆಲ್ಲ ಆ ಹಾದಿಯಲ್ಲೇ ಬಂದವು.

ಸಂದೇಶ ಈ ಕಿರುದಾರಿಯಲ್ಲೇ ಏಕೆ ಬರಬೇಕು ಎಂಬುದೂ ಈಗ ಸ್ಪಷ್ಟ. ಹೈಪೋಥಲಮಸ್ ಸುರಿಸುವ ಪ್ರಮಾಣ ತೀರಾ ಚಿಕ್ಕದು. ಇಡೀ ದೇಹದ ಸುಮಾರು 5 ಲೀಟರ್ ರಕ್ತಕ್ಕೆ ಬೆರೆತರೆ ಅದು ಲೆಕ್ಕಕ್ಕೇ ಬಾರದು. ಕೆಲವೇ ಮಿಲಿಮೀಟರ್ ಉದ್ದದ ಸ್ವಂತ ನಾಳಗಳಲ್ಲಿ ಇಳಿದರೆ ಪಿಟ್ಯುಟರಿಗೆ ತಲುಪುವಾಗಲೂ ಗಾಢವಾಗಿಯೇ ಇರುತ್ತದೆ.

ಥೈರಾಯ್ಡ್: ನಿಧಾನದ ಸರಪಳಿ

ಹೈಪೋಥಲಮಸ್ ಟಿಆರ್‌ಎಚ್ ಬಿಡುತ್ತದೆ, ಅದರಿಂದ ಪಿಟ್ಯುಟರಿ ಟಿಎಸ್‌ಎಚ್ ಬಿಡುತ್ತದೆ, ಅದರಿಂದ ಥೈರಾಯ್ಡ್ ತನ್ನ ಹಾರ್ಮೋನುಗಳನ್ನು, ಮುಖ್ಯವಾಗಿ ಟಿ4 (ಥೈರಾಕ್ಸಿನ್), ಸ್ವಲ್ಪ ಟಿ3 ತಯಾರಿಸುತ್ತದೆ. ಈ ಟಿ4, ಟಿ3 ರಕ್ತದಲ್ಲಿ ಸುತ್ತಿ ಮೇಲಕ್ಕೆ ಬಂದಾಗ ಹೈಪೋಥಲಮಸ್ ಮತ್ತು ಪಿಟ್ಯುಟರಿ ಎರಡೂ ತಮ್ಮ ಕೈ ಬಿಗಿಹಿಡಿಯುತ್ತವೆ. ಸಾಕಷ್ಟು ಇದೆ, ಇನ್ನು ಕೇಳುವುದು ಬೇಡ. ಟಿ4 ಕಡಿಮೆಯಾದರೆ ಮತ್ತೆ ಕೇಳತೊಡಗುತ್ತವೆ. ಫಲಿತಾಂಶವೇ ಹಿಂತಿರುಗಿ ಆಜ್ಞೆಯನ್ನು ತಗ್ಗಿಸುವ ಈ ಏರ್ಪಾಡಿಗೆ ನೆಗೆಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ.

ಇದರಲ್ಲಿ ಎರಡು ಸಂಗತಿ ರೋಗಿಗಳಿಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಪಿಟ್ಯುಟರಿ ಟಿ4 ವಿಷಯದಲ್ಲಿ ಅತಿ ಸೂಕ್ಷ್ಮ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಎರಡು ಪಟ್ಟು ಏರಿ ನಿಲ್ಲುವುದಿಲ್ಲ, ನೂರು ಪಟ್ಟಿನ ಆಸುಪಾಸಿಗೆ ಏರಬಲ್ಲದು. ಹಾಗಾಗಿಯೇ ಟಿ4 ಇನ್ನೂ ‘ನಾರ್ಮಲ್’ ಮಿತಿಯೊಳಗಿದ್ದಾಗಲೇ ಟಿಎಸ್‌ಎಚ್ ಏರಿ ಮುನ್ಸೂಚನೆ ಕೊಡುತ್ತದೆ. ಇನ್ನೊಂದು, ಟಿ4 ರಕ್ತದಲ್ಲಿ ಅರ್ಧದಷ್ಟು ಇಳಿಯಲು ಸುಮಾರು 7 ದಿನ ಬೇಕು. ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಅದು ಹೊಸ ಮಟ್ಟಕ್ಕೆ ನೆಲೆಗೊಳ್ಳಲು, ಪಿಟ್ಯುಟರಿ ಅದನ್ನು ನಂಬಲು ವಾರಗಳೇ ಹಿಡಿಯುತ್ತವೆ. 6ರಿಂದ 8 ವಾರ ಬಿಟ್ಟು ಪರೀಕ್ಷೆಗೆ ಬನ್ನಿ ಎಂದು ವೈದ್ಯರು ಹೇಳುವುದು ಇದಕ್ಕೇ. ಹತ್ತು ದಿನಕ್ಕೆ ಪರೀಕ್ಷೆ ಮಾಡಿಸಿ ‘ಮಾತ್ರೆ ಕೆಲಸ ಮಾಡುತ್ತಿಲ್ಲ’ ಎಂದು ಕಂಗಾಲಾಗುವ ಅಗತ್ಯವಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಟಿಎಸ್‌ಎಚ್ ಅಂಕಿಯನ್ನೇ ಸುಳ್ಳಾಗಿ ಇಳಿಸಿ ತೋರಿಸುತ್ತದೆ.

ಕಾರ್ಟಿಸಾಲ್: ಗಡಿಯಾರ ಮತ್ತು ಚರ್ಮದ ಬಣ್ಣ

ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೂ ಇಂಥದ್ದೇ ಸರಪಳಿ: ಹೈಪೋಥಲಮಸ್ಸಿನಿಂದ ಸಿಆರ್‌ಎಚ್, ಪಿಟ್ಯುಟರಿಯಿಂದ ಎಸಿಟಿಎಚ್, ಅಡ್ರಿನಲ್‌ನಿಂದ ಒತ್ತಡ ತಾಳುವ ಶಕ್ತಿ ಕೊಡುವ ಕಾರ್ಟಿಸಾಲ್. ಇಲ್ಲಿ ಹೆಚ್ಚಿನದೊಂದು ಸೇರಿಕೊಂಡಿದೆ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಹಗಲು ರಾತ್ರಿಯ ಲೆಕ್ಕ ಇಡುವ ಗಡಿಯಾರ ಹೈಪೋಥಲಮಸ್ಸಿನಲ್ಲೇ ಇರುವುದರಿಂದ, ಕಾರ್ಟಿಸಾಲ್ ನಸುಕಿನಲ್ಲಿ ಏರಿ, ಎದ್ದ ಹೊತ್ತಿಗೆ ಗರಿಷ್ಠವಾಗಿ, ನಡುರಾತ್ರಿಯ ಸುಮಾರಿಗೆ ತೀರಾ ಇಳಿಯುತ್ತದೆ. ಬೆಳಗ್ಗೆ 8ರ ಅಂಕಿಗೂ ಸಂಜೆಯ ಅಂಕಿಗೂ ಹೋಲಿಕೆಯೇ ಸಲ್ಲದು. ಕಾರ್ಟಿಸಾಲ್ ಕೊರತೆಯ ಅನುಮಾನವಿದ್ದರೆ ಬೆಳಗ್ಗೆ ರಕ್ತ ತೆಗೆಯುತ್ತಾರೆ. ಅತಿಯಾಗಿದೆಯೇ ಎಂಬ ಅನುಮಾನವಿದ್ದರೆ ರಾತ್ರಿಯ ಮಟ್ಟವನ್ನೇ ಹುಡುಕುತ್ತಾರೆ, ಇಳಿಯಬೇಕಾದಾಗ ಇಳಿದಿದೆಯೇ ಎಂದು.

ಜೋಡಿಯಾಗಿ ಓದುವುದರ ಬೆಲೆ ಇಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಅಡ್ರಿನಲ್ ಗ್ರಂಥಿಯೇ ಹಾಳಾದರೆ ಕಾರ್ಟಿಸಾಲ್ ಇಳಿಯುತ್ತದೆ, ಪಿಟ್ಯುಟರಿ ಎಸಿಟಿಎಚ್ ಅನ್ನು ಸುರಿಸತೊಡಗುತ್ತದೆ. ಎಸಿಟಿಎಚ್‌ಗೂ ಚರ್ಮಕ್ಕೆ ಬಣ್ಣ ಕೊಡುವ ಹಾರ್ಮೋನಿಗೂ ಮೂಲ ಪ್ರೋಟೀನ್ ಒಂದೇ, ಹಾಗಾಗಿ ಅದು ಅತಿಯಾದಾಗ ಅಂಗೈ ಗೆರೆಗಳು, ವಸಡು, ಹಳೆಯ ಗಾಯದ ಕಲೆಗಳು ಕಪ್ಪಾಗುತ್ತವೆ. ಅದೇ ಪಿಟ್ಯುಟರಿ ಹಾಳಾಗಿದ್ದರೆ ಕಾರ್ಟಿಸಾಲ್ ಅಷ್ಟೇ ಕಡಿಮೆ, ಸುಸ್ತು ಅಷ್ಟೇ, ಆದರೆ ಚರ್ಮ ಬಿಳಿಚಿಕೊಳ್ಳುತ್ತದೆ. ಕೊರತೆ ಒಂದೇ ಆದರೂ ದೋಷ ಎಲ್ಲಿದೆ ಎಂಬುದನ್ನು ಚರ್ಮವೇ ಹೇಳುತ್ತದೆ.

ಸ್ಟೀರಾಯ್ಡ್ ಮಾತ್ರೆಗಳ ವಿಷಯ ಇಲ್ಲಿ ಹೇಳಲೇಬೇಕು. ಉಬ್ಬಸಕ್ಕೋ ಕೀಲುರೋಗಕ್ಕೋ ಕಾರ್ಟಿಸಾಲ್‌ನಂತೆಯೇ ವರ್ತಿಸುವ ಪ್ರೆಡ್ನಿಸೊಲೋನ್ ಹಲವು ವಾರ ನುಂಗಿದರೆ ಹೈಪೋಥಲಮಸ್ ಮತ್ತು ಪಿಟ್ಯುಟರಿ ‘ಕಾರ್ಟಿಸಾಲ್ ಧಾರಾಳವಾಗಿದೆ’ ಎಂದು ತಿಳಿದು ಎಸಿಟಿಎಚ್ ನಿಲ್ಲಿಸುತ್ತವೆ. ಕೇಳುವವರಿಲ್ಲದೆ ಅಡ್ರಿನಲ್ ಸೊರಗುತ್ತದೆ. ಹಾಗಿರುವಾಗ ಒಂದು ದಿನ ಮಾತ್ರೆಯನ್ನು ದಿಢೀರನೆ ಬಿಟ್ಟರೆ ದೇಹದಲ್ಲಿ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಈ ಸರಪಳಿ ಪೂರ್ತಿ ಎಚ್ಚರಗೊಳ್ಳಲು ಕೆಲವರಿಗೆ ತಿಂಗಳುಗಳೇ ಬೇಕು. ದಯವಿಟ್ಟು ಇಂಥ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬೇಡಿ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ.

ಎಷ್ಟು ಎನ್ನುವುದಕ್ಕಿಂತ ಹೇಗೆ

ಅಂಡಾಶಯ ಮತ್ತು ವೃಷಣಗಳನ್ನು ನಡೆಸುವ ಸರಪಳಿಯ ತುದಿಯಲ್ಲಿರುವುದು ಜಿಎನ್‌ಆರ್‌ಎಚ್. ಇದನ್ನು ತಯಾರಿಸುವ ನರಕೋಶಗಳು ಇಡೀ ಮಿದುಳಿನಲ್ಲಿ ಒಂದೆರಡು ಸಾವಿರದಷ್ಟೇ. ಅವು ಹುಟ್ಟುವುದು ಮಿದುಳಿನಲ್ಲೂ ಅಲ್ಲ. ಭ್ರೂಣದ ಮೂಗಿನ ಭಾಗದಲ್ಲಿ ಹುಟ್ಟಿ, ವಾಸನೆಯ ನರಗಳ ಜಾಡು ಹಿಡಿದು ನಡೆದು ಹೈಪೋಥಲಮಸ್ ಸೇರುತ್ತವೆ. ಆ ಪ್ರಯಾಣ ದಾರಿಯಲ್ಲೇ ನಿಂತುಹೋದವರಿಗೆ ಪ್ರಾಯ ಬರುವುದಿಲ್ಲ, ವಾಸನೆಯೂ ತಿಳಿಯುವುದಿಲ್ಲ. ಕಾಲ್ಮನ್ ಸಿಂಡ್ರೋಮ್ ಎಂಬ ಈ ಸ್ಥಿತಿಯಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲ ಎನಿಸುವ ಎರಡು ಕೊರತೆಗಳಿಗೆ ಬೇರು ಒಂದೇ.

ಜಿಎನ್‌ಆರ್‌ಎಚ್ ಧಾರೆಯಾಗಿ ಹರಿಯುವುದಿಲ್ಲ. ಸುಮಾರು ಒಂದರಿಂದ ಒಂದೂವರೆ ಗಂಟೆಗೊಮ್ಮೆ ಮಿಡಿತದಂತೆ ಬರುತ್ತದೆ, ಋತುಚಕ್ರದ ಎರಡನೇ ಅರ್ಧದಲ್ಲಿ ಇನ್ನೂ ನಿಧಾನವಾಗಿ. ಅದನ್ನು ಕೇಳಿ ಪಿಟ್ಯುಟರಿ ಅಂಡಾಶಯ, ವೃಷಣಗಳಿಗೆ ಕಳಿಸುವ ಹಾರ್ಮೋನುಗಳು ಎರಡು: ಎಲ್‌ಎಚ್ ಮತ್ತು ಎಫ್‌ಎಸ್‌ಎಚ್. ಮಿಡಿತ ವೇಗವಾದರೆ ಪಿಟ್ಯುಟರಿ ಎಲ್‌ಎಚ್ ಕಡೆಗೆ, ನಿಧಾನವಾದರೆ ಎಫ್‌ಎಸ್‌ಎಚ್ ಕಡೆಗೆ ವಾಲುತ್ತದೆ. 1970ರ ದಶಕದಲ್ಲಿ ಅರ್ನ್ಸ್ಟ್ ನೋಬಿಲ್ ಅವರ ತಂಡ ಮಂಗಗಳಿಗೆ ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಕೊಟ್ಟಾಗ ಪಿಟ್ಯುಟರಿ ಸರಿಯಾಗಿ ಕೆಲಸ ಮಾಡಿತು. ಅದನ್ನೇ ಬಿಡುವಿಲ್ಲದೆ ಹರಿಸಿದಾಗ ಗ್ರಂಥಿ ಕಿವಿ ಮುಚ್ಚಿಕೊಂಡಿತು, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಕುಸಿದವು. ಈ ಅರಿವೇ ಇಂದು ಔಷಧವಾಗಿದೆ. ಲ್ಯೂಪ್ರೊಲೈಡ್‌ನಂಥ ಚುಚ್ಚುಮದ್ದು ಜಿಎನ್‌ಆರ್‌ಎಚ್‌ನ ರೂಪಾಂತರವೇ. ಅದನ್ನು ಎಡೆಬಿಡದೆ ಇರುವಂತೆ ಕೊಟ್ಟು ಇಡೀ ಸರಪಳಿಯನ್ನು ಮಲಗಿಸುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿಗೆ, ಮಕ್ಕಳಲ್ಲಿ ತೀರಾ ಬೇಗ ಬರುವ ಪ್ರಾಯವನ್ನು ತಡೆಯಲು ಅದು ಬಳಕೆಯಲ್ಲಿದೆ.

ಅತಿ ಉಪವಾಸ, ವಿಪರೀತ ವ್ಯಾಯಾಮ, ಬೇಗ ತೂಕ ಇಳಿಯುವುದು, ತೀವ್ರ ಮಾನಸಿಕ ಒತ್ತಡ, ಇವು ಈ ಮಿಡಿತವನ್ನು ನಿಧಾನಗೊಳಿಸುತ್ತವೆ ಅಥವಾ ನಿಲ್ಲಿಸುತ್ತವೆ, ಮುಟ್ಟು ನಿಲ್ಲುತ್ತದೆ. ಕೊಬ್ಬಿನ ಕೋಶಗಳು ಬಿಡುವ ಲೆಪ್ಟಿನ್ ಕಡಿಮೆಯಾದಾಗ ಹೈಪೋಥಲಮಸ್ ಅದನ್ನು ‘ಗರ್ಭ ಹೊರುವಷ್ಟು ಶಕ್ತಿ ಸಂಗ್ರಹವಿಲ್ಲ’ ಎಂದು ಅರ್ಥ ಮಾಡಿಕೊಳ್ಳುತ್ತದೆ. ಅಂಡಾಶಯದಲ್ಲಿ ಯಾವ ದೋಷವೂ ಇರುವುದಿಲ್ಲ.

ತಿಂಗಳಿಗೊಮ್ಮೆ ಈ ಸರಪಳಿ ತನ್ನ ನಿಯಮವನ್ನೇ ತಿರುಗಿಸುತ್ತದೆ. ಸಾಮಾನ್ಯವಾಗಿ ಈಸ್ಟ್ರೋಜನ್ ಪಿಟ್ಯುಟರಿಯನ್ನು ತಗ್ಗಿಸುತ್ತದೆ. ಆದರೆ ಬಲಿತ ಅಂಡಕೋಶದಿಂದ ಬರುವ ಈಸ್ಟ್ರೋಜನ್ ಉನ್ನತ ಮಟ್ಟದಲ್ಲಿ ಸುಮಾರು ಎರಡು ದಿನ ನಿಂತರೆ ಅದೇ ಹಾರ್ಮೋನ್ ಎಲ್‌ಎಚ್ ಅನ್ನು ಉಕ್ಕಿಸುತ್ತದೆ. ಉಕ್ಕು ಶುರುವಾದ ಸುಮಾರು 36 ಗಂಟೆಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ಅಂಡೋತ್ಪತ್ತಿ ಪತ್ತೆಗೆ ಬಳಸುವ ಮೂತ್ರದ ಪಟ್ಟಿಗಳು ಹುಡುಕುವುದು ಈ ಉಕ್ಕನ್ನೇ.

ಪ್ರೊಲ್ಯಾಕ್ಟಿನ್ ಇನ್ನೊಂದು ವೈಚಿತ್ರ್ಯ. ಉಳಿದವುಗಳಿಗೆ ಹೈಪೋಥಲಮಸ್ ‘ಮಾಡು’ ಎನ್ನುತ್ತದೆ. ಎದೆಹಾಲಿನ ಈ ಹಾರ್ಮೋನಿಗೆ ಡೋಪಮೈನ್ ಮೂಲಕ ಸದಾ ‘ಬೇಡ’ ಎನ್ನುತ್ತಿರುತ್ತದೆ. ಕಾಂಡಕ್ಕೆ ಪೆಟ್ಟು ಬಿದ್ದರೆ ಉಳಿದ ಹಾರ್ಮೋನುಗಳು ಇಳಿಯುತ್ತವೆ, ಪ್ರೊಲ್ಯಾಕ್ಟಿನ್ ಮಾತ್ರ ಏರುತ್ತದೆ. ಡೋಪಮೈನಿಗೆ ಅಡ್ಡಬರುವ ಔಷಧಗಳು, ಅಂದರೆ ವಾಂತಿ ತಡೆಯುವ ಡೊಂಪೆರಿಡೋನ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಮುಂತಾದವು, ಅದನ್ನು ಏರಿಸಬಲ್ಲವು. ಪ್ರೊಲ್ಯಾಕ್ಟಿನ್ ಸುರಿಸುವ ಪಿಟ್ಯುಟರಿ ಗಡ್ಡೆಗಳಲ್ಲಿ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ, ಡೋಪಮೈನಿನಂತೆ ವರ್ತಿಸುವ ಕ್ಯಾಬರ್ಗೊಲಿನ್ ಮಾತ್ರೆಗೇ ಕುಗ್ಗುತ್ತವೆ.

ಬೆಳವಣಿಗೆಯ ಹಾರ್ಮೋನ್ ಬಗ್ಗೆ ಒಂದೇ ಮಾತು: ಅದು ಗಾಢ ನಿದ್ದೆಯಲ್ಲಿ ದೊಡ್ಡ ಅಲೆಯಾಗಿ ಬಂದು ಹಗಲಿನಲ್ಲಿ ಬಹುತೇಕ ಕಾಣೆಯಾಗುತ್ತದೆ. ಯಾವಾಗಲೋ ತೆಗೆದ ರಕ್ತದಲ್ಲಿ ಅದನ್ನು ಅಳೆದು ಪ್ರಯೋಜನವಿಲ್ಲ. ಅದರ ಮಾತು ಕೇಳಿ ಯಕೃತ್ತು ತಯಾರಿಸುವ, ದಿನವಿಡೀ ಸ್ಥಿರವಾಗಿರುವ ಐಜಿಎಫ್-1 ಅನ್ನು ಅಳೆಯುತ್ತಾರೆ.

ಹಿಂಭಾಗದ ಎರಡು ಹಾರ್ಮೋನುಗಳು

ಪಿಟ್ಯುಟರಿಯ ಹಿಂಭಾಗ ಸ್ವಂತವಾಗಿ ಏನನ್ನೂ ತಯಾರಿಸುವುದಿಲ್ಲ. ವಾಸೊಪ್ರೆಸಿನ್ ಮತ್ತು ಆಕ್ಸಿಟೋಸಿನ್ ಎರಡೂ ಹೈಪೋಥಲಮಸ್ಸಿನ ನರಕೋಶಗಳಲ್ಲಿ ತಯಾರಾಗಿ, ಅವುಗಳ ಉದ್ದನೆಯ ಎಳೆಗಳಲ್ಲಿ ಇಳಿದು, ಇಲ್ಲಿನ ತುದಿಗಳಲ್ಲಿ ಕಾಯುತ್ತಿರುತ್ತವೆ. ಎರಡಕ್ಕೂ ಒಂಬತ್ತೊಂಬತ್ತು ಅಮೈನೋ ಆಮ್ಲಗಳು, ವ್ಯತ್ಯಾಸ ಎರಡರಲ್ಲಿ ಮಾತ್ರ. ಕೆಲಸ ಮಾತ್ರ ಎಲ್ಲಿಂದೆಲ್ಲಿಗೋ.

ರಕ್ತದ ಸಾಂದ್ರತೆ ಶೇಕಡಾ 1ರಷ್ಟು ಏರಿದರೂ ಹೈಪೋಥಲಮಸ್ಸಿಗೆ ತಿಳಿಯುತ್ತದೆ. ವಾಸೊಪ್ರೆಸಿನ್ ಹೊರಡುತ್ತದೆ, ಮೂತ್ರಪಿಂಡ ನೀರನ್ನು ಉಳಿಸಿಕೊಳ್ಳುತ್ತದೆ, ಬಾಯಾರಿಕೆಯೂ ಎಚ್ಚರಗೊಳ್ಳುತ್ತದೆ. ಈ ಹಾರ್ಮೋನ್ ಪೂರ್ತಿ ಇಲ್ಲವಾದರೆ ದಿನಕ್ಕೆ 10 ಲೀಟರ್ ಮೀರಿ ಮೂತ್ರ ಹೋಗಬಹುದು. ಅತಿಯಾಗಿ ಮೂತ್ರ ಹೋದರೂ ಇದು ಸಕ್ಕರೆ ಕಾಯಿಲೆಯಲ್ಲ. ಆಕ್ಸಿಟೋಸಿನ್ ಹೆರಿಗೆಯಲ್ಲಿ ಗರ್ಭಕೋಶವನ್ನು ಹಿಂಡುತ್ತದೆ, ಮಗು ಮೊಲೆಗೆ ಬಾಯಿಟ್ಟಾಗ ಹಾಲನ್ನು ಹೊರದೂಡುತ್ತದೆ. ಮಗುವಿನ ಅಳು ಕೇಳಿದರೇ ಸಾಕು, ತಾಯಿಗೆ ಹಾಲು ಸೋರತೊಡಗುವುದುಂಟು. ಭಯ, ನೋವು, ಆತಂಕ ಅದನ್ನು ತಡೆಹಿಡಿಯುವುದೂ ಉಂಟು. ಹಾಲು ಬರುತ್ತಿಲ್ಲ ಎಂದು ಬಾಣಂತಿಯನ್ನು ದೂರುವವರು, ಆ ದೂರೇ ಹಾಲಿಗೆ ಅಡ್ಡಿಯಾಗಬಹುದು ಎಂಬುದನ್ನು ತಿಳಿಯಬೇಕು.

ಗ್ರಂಥಿಯೇ ಸೋತಾಗ

ಪಿಟ್ಯುಟರಿಯಲ್ಲಿ ಚಿಕ್ಕ ಗಡ್ಡೆ ಕಂಡುಬರುವುದು ಅಪರೂಪವಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಎಂಆರ್‌ಐನಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಂಥ ಏನಾದರೂ ಕಾಣಬಹುದು. ಬಹುತೇಕ ಎಲ್ಲವೂ ಕ್ಯಾನ್ಸರ್ ಅಲ್ಲ, ಹಲವಕ್ಕೆ ಚಿಕಿತ್ಸೆಯೂ ಬೇಡ. ದೊಡ್ಡದಾಗಿ ಮೇಲಕ್ಕೆ ಬೆಳೆದವು ಕಣ್ಣಿನ ನರಗಳು ದಾಟುವ ಜಾಗವನ್ನು ಒತ್ತುತ್ತವೆ, ಆಗ ಎರಡೂ ಬದಿಯ ನೋಟ ಮಸುಕಾಗುತ್ತದೆ. ಎದುರಿನದೆಲ್ಲ ಸ್ಪಷ್ಟವಾಗಿ ಕಾಣುವುದರಿಂದ ರೋಗಿಗೆ ಇದು ಬೇಗ ಗೊತ್ತಾಗುವುದಿಲ್ಲ, ಬಾಗಿಲ ಚೌಕಟ್ಟಿಗೆ ಭುಜ ತಾಗಿದಾಗಲೋ ಪಕ್ಕದಿಂದ ಬಂದ ವಾಹನ ಕಾಣದೇ ಹೋದಾಗಲೋ ತಿಳಿಯುತ್ತದೆ.

ನನಗೆ ಹೆಚ್ಚು ಕಳವಳ ತರುವುದು ಇನ್ನೊಂದು ಸ್ಥಿತಿ. ಗರ್ಭಿಣಿಯಾದಾಗ ಪ್ರೊಲ್ಯಾಕ್ಟಿನ್ ಕೋಶಗಳು ಹೆಚ್ಚಿ ಪಿಟ್ಯುಟರಿ ದೊಡ್ಡದಾಗುತ್ತದೆ. ಅದಕ್ಕೆ ರಕ್ತ ಬರುವುದು ಹೈಪೋಥಲಮಸ್ಸಿನಿಂದ ಇಳಿಯುವ ಆ ಕಡಿಮೆ ಒತ್ತಡದ ನಾಳಗಳಿಂದಲೇ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ರಕ್ತದೊತ್ತಡ ಬಿದ್ದರೆ ಮುಂಭಾಗ ಸತ್ತುಹೋಗಬಹುದು. ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರಿಸಿದ್ದರಿಂದ ಶೀಹನ್ ಸಿಂಡ್ರೋಮ್ ಎಂಬ ಹೆಸರು. ಮೊದಲ ಲಕ್ಷಣ, ಹಾಲೇ ಬರದಿರುವುದು. ಆಮೇಲೆ ಮುಟ್ಟು ಮರಳುವುದಿಲ್ಲ, ಕಂಕುಳಿನ ಕೂದಲು ಉದುರುತ್ತದೆ, ಚಳಿ ತಡೆಯಲಾಗುವುದಿಲ್ಲ, ಮೈಯಲ್ಲಿ ಕಸುವಿರುವುದಿಲ್ಲ. ಒಂದೊಂದನ್ನೂ ಬಾಣಂತನದ ಸುಸ್ತು, ರಕ್ತಹೀನತೆ, ಮನಸ್ಸಿನ ಬೇಸರ ಎಂದು ತಳ್ಳಿಹಾಕುವುದು ಸುಲಭ. ರೋಗ ಪತ್ತೆಯಾಗದೆ ವರ್ಷಗಳೇ ಉರುಳಿದ ಹೆಂಗಸರಿದ್ದಾರೆ.

ಇಂಥವರಿಗೆ ಟಿಎಸ್‌ಎಚ್ ಒಂದನ್ನೇ ಮಾಡಿಸಿದರೆ ವರದಿ ‘ನಾರ್ಮಲ್’ ಎಂದು ಬರಬಹುದು. ಕೇಳಬೇಕಾದ ಗ್ರಂಥಿಯೇ ಸತ್ತಿರುವಾಗ ಟಿಎಸ್‌ಎಚ್ ಏರುವುದಾದರೂ ಹೇಗೆ? ಟಿ4 ಜೊತೆಗಿಟ್ಟು ನೋಡಿದಾಗ ಮಾತ್ರ ಸತ್ಯ ಹೊರಬರುತ್ತದೆ: ಟಿ4 ತಳ ಸೇರಿದೆ, ಟಿಎಸ್‌ಎಚ್ ಕದಲಿಲ್ಲ. ಹಾಗೆಯೇ ಮುಟ್ಟು ನಿಂತ ಹೆಂಗಸಿನಲ್ಲಿ ಎಫ್‌ಎಸ್‌ಎಚ್ ಏರಿದ್ದರೆ ಅಂಡಾಶಯ ಸೋತಿದೆ. ಈಸ್ಟ್ರೋಜನ್ ಇಳಿದಿದ್ದೂ ಎಫ್‌ಎಸ್‌ಎಚ್ ಏರದಿದ್ದರೆ ದೋಷ ಮೇಲಿದೆ.

ಪತ್ತೆಯಾದ ಮೇಲೂ ಒಂದು ಎಚ್ಚರ ಬೇಕು. ಟಿ4 ಕಡಿಮೆ ಕಂಡಿತೆಂದು ಮೊದಲು ಥೈರಾಯ್ಡ್ ಮಾತ್ರೆ ಕೊಟ್ಟರೆ ದೇಹದ ಚಯಾಪಚಯ ಚುರುಕಾಗಿ, ಅಲ್ಪಸ್ವಲ್ಪ ಉಳಿದಿದ್ದ ಕಾರ್ಟಿಸಾಲ್ ಕೂಡ ಬೇಗ ಖರ್ಚಾಗುತ್ತದೆ, ರೋಗಿ ಕುಸಿದುಬೀಳಬಹುದು. ಹಾಗಾಗಿ ಮೊದಲು ಕಾರ್ಟಿಸಾಲ್ ಕೊರತೆಯನ್ನು ಹೈಡ್ರೊಕಾರ್ಟಿಸೋನ್‌ನಿಂದ ತುಂಬಿಸುತ್ತಾರೆ, ಆಮೇಲೆ ಥೈರಾಕ್ಸಿನ್ ಶುರುಮಾಡುತ್ತಾರೆ. ಅಲ್ಲಿಂದ ಮುಂದೆ ಆ ಥೈರಾಕ್ಸಿನ್ ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು ಟಿಎಸ್‌ಎಚ್ ನೋಡುವುದಿಲ್ಲ, ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4) ನೋಡುತ್ತಾರೆ.